ಪ್ರಜ್ಞೆ ತಪ್ಪಿದ ಮೇಲೆ ಯಾರನ್ನು ಕೇಳುವುದು?

2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು. ಹೆಂಗಸರ ಆಯುಷ್ಯ ತುಸು ಹೆಚ್ಚೆಂಬುದು ಇದಕ್ಕೆ ಒಂದು ಕಾರಣ. ದೊಡ್ಡ ಕಾರಣವೆಂದರೆ ದುಡಿಯುವ ವಯಸ್ಸಿನ ಗಂಡಸರು ಊರಲ್ಲಿ ಇಲ್ಲದಿರುವುದು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಕ್ಕಳು ಬೆಂಗಳೂರು, ಮುಂಬಯಿ, ಹೈದರಾಬಾದಿನ ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ, ಕೊಲ್ಲಿ ದೇಶಗಳ ಕೆಲಸಗಳಲ್ಲಿ ಇದ್ದಾರೆ. ಈಗ ಹೆಣ್ಣುಮಕ್ಕಳೂ ಅಷ್ಟೇ ದೂರ ಹೋಗಿದ್ದಾರೆ. ಊರಮನೆಯಲ್ಲಿ ಉಳಿದವರು ಎಂಬತ್ತರ ಆಸುಪಾಸಿನ ತಂದೆ ತಾಯಿ. ಅವರೊಟ್ಟಿಗೆ ಒಬ್ಬ ಸೊಸೆಯೋ, ಮದುವೆಯಾಗದ ತಂಗಿಯೋ, ಸಂಬಳಕ್ಕೆ ಬರುವ ಹೆಂಗಸೋ. ಅಪ್ಪನಿಗೆ ಪಾರ್ಶ್ವವಾಯು ಬಡಿದ ರಾತ್ರಿ ಆಂಬುಲೆನ್ಸ್ ಹೆದ್ದಾರಿ ಹಿಡಿದು ಮಣಿಪಾಲದ ಕಡೆ ಓಡುತ್ತದೆ. ಬೈಂದೂರಿನಿಂದಾದರೆ ಅದು ಸುಮಾರು ಎಪ್ಪತ್ತು ಕಿಲೋಮೀಟರು. ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕೇ ಬೇಡವೇ ಎಂದು ಡಾಕ್ಟರು ಕೇಳುವಾಗ ಉತ್ತರ ಹೇಳಬೇಕಾದವರು ಫೋನಿನ ಆಚೆ ತುದಿಯಲ್ಲಿರುತ್ತಾರೆ. ಹಣ ಕಳಿಸುವವನು ದೊಡ್ಡ ಮಗ, ಹತ್ತಿರದ ಊರಿನಲ್ಲಿರುವವಳು ಮಗಳು, ಎಲ್ಲರಿಗಿಂತ ಜೋರಾಗಿ ಮಾತಾಡುವವರು ಚಿಕ್ಕಪ್ಪ. ಮಲಗಿದವರ ಮನಸ್ಸಿನಲ್ಲಿ ಏನಿತ್ತು ಎಂದು ಅವರಲ್ಲಿ ಯಾರೂ ಎಂದೂ ಕೇಳಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಬಾಯಿಗೆ ಬರುವ ಮಾತು ಒಂದೇ: ಎಲ್ಲ ಮಾಡಿ ಡಾಕ್ಟ್ರೇ, ದುಡ್ಡಿನ ಬಗ್ಗೆ ಯೋಚಿಸಬೇಡಿ. ಅದು ಪ್ರೀತಿಯ ಮಾತು, ಅದರ ಪ್ರಾಮಾಣಿಕತೆಯನ್ನು ಯಾರೂ ಸಂಶಯಿಸಬೇಕಿಲ್ಲ. ಆದರೆ ಅದರಲ್ಲಿ ದೂರವಿದ್ದದ್ದರ ಪಶ್ಚಾತ್ತಾಪವೂ, ನಾಳೆ ನೆಂಟರು ಏನೆಂದಾರು ಎಂಬ ಅಂಜಿಕೆಯೂ ಬೆರೆತಿರುತ್ತವೆ. ಮಲಗಿರುವವರ ಇಚ್ಛೆ ಮಾತ್ರ ಅದರಲ್ಲಿ ಇರುವುದಿಲ್ಲ, ಏಕೆಂದರೆ ಅದು ಯಾರಿಗೂ ಗೊತ್ತಿಲ್ಲ. ಕೊನೆಗಾಲದ ಆರೈಕೆ ಹೇಗಿರಬೇಕೆಂದು ಮನೆಯವರು ಮೊದಲೇ ಕೂತು ಮಾತಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತನಗೆ ಪ್ರಜ್ಞೆ ಇಲ್ಲದಾಗ ತನ್ನ ಪರವಾಗಿ ಮಾತಾಡುವವರು ಯಾರು ಎಂಬುದನ್ನು ಪ್ರತಿಯೊಬ್ಬ ಹಿರಿಯರೂ ಹೆಸರು ಹಿಡಿದು ಹೇಳಬೇಕು. ಮಕ್ಕಳು ಚದುರಿಹೋದ ಈ ಮೂರು ತಾಲೂಕುಗಳಲ್ಲಿ ಇದರ ಜರೂರು ಬೇರೆಡೆಗಿಂತ ಹೆಚ್ಚು.

ಈ ವಿಷಯದಲ್ಲಿ ದೇಶದ ಕಾನೂನು ಬದಲಾಗಲು ಕಾರಣವಾದ ಹೆಣ್ಣುಮಗಳು ನಮ್ಮದೇ ಕರಾವಳಿಯವರು. ಬೈಂದೂರು, ಭಟ್ಕಳ ದಾಟಿ ಬಡಗಿಗೆ ಹೋದರೆ ಸಿಗುವ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ವಾರ್ಡ್ ಕೆಲಸಗಾರನೊಬ್ಬ ಕುತ್ತಿಗೆಗೆ ಸರಪಳಿ ಬಿಗಿದು ಎರಗಿದ. ಮೆದುಳಿಗೆ ಆಮ್ಲಜನಕ ತಪ್ಪಿತು. ಅಲ್ಲಿಂದ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಬಲವಂತವಾಗಿ ಉಣಿಸುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು ಆ ಕೋರಿಕೆಯನ್ನು ಒಪ್ಪಲಿಲ್ಲ. ಆದರೆ ಕೆಲವು ಸ್ಥಿತಿಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದೆಂಬ ಬಾಗಿಲನ್ನು ಮೊದಲ ಬಾರಿಗೆ ತೆರೆಯಿತು. ಆ ತೀರ್ಪಿನಲ್ಲಿ ನಮಗೆ ಬೇಕಾದ ಅಂಶ ಇನ್ನೊಂದಿದೆ. ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರದು ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯ, ಹಗಲಿರುಳು ಮೈ ಒರೆಸಿ, ಉಣಿಸಿ, ಮಗ್ಗುಲು ಬದಲಿಸಿ, ಅಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಯದು ಎಂದಿತು. ಆರೈಕೆ ಮಾಡಿದವರ ಮಾತಿಗೆ ಹೆಚ್ಚು ತೂಕ ಕೊಟ್ಟಿತು. ಹೀಗಿದ್ದರೂ ಅರುಣಾಗೆ ಏನು ಬೇಕಿತ್ತು ಎಂಬುದು ನರ್ಸುಗಳಿಗಾಗಲಿ, ಲೇಖಕಿಗಾಗಲಿ, ನ್ಯಾಯಮೂರ್ತಿಗಳಿಗಾಗಲಿ ಗೊತ್ತಿರಲಿಲ್ಲ. ತಾರುಣ್ಯದಲ್ಲಿ ಏಕಾಏಕಿ ಹಾಗಾದವರು ಮೊದಲೇ ಹೇಳಿಡುವುದು ಸಾಧ್ಯವೂ ಇರಲಿಲ್ಲ. ಎಪ್ಪತ್ತು ದಾಟಿದ ನಮ್ಮ ಹಿರಿಯರಿಗೆ ಹಾಗಲ್ಲ, ಹೇಳುವುದಕ್ಕೆ ಸಮಯವಿದೆ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ, ಘನತೆಯಿಂದ ಸಾಯುವುದು ಬದುಕುವ ಹಕ್ಕಿನದೇ ಭಾಗ ಎಂದು ಸಾರಿ, ಇಂಥ ಇಚ್ಛೆಯನ್ನು ಮೊದಲೇ ಬರೆದಿಡುವುದಕ್ಕೆ ಮಾನ್ಯತೆ ಕೊಟ್ಟಿತು. ಆಗ ಹಾಕಿದ ಷರತ್ತುಗಳು ತೀರಾ ಬಿಗಿಯಾಗಿದ್ದವು. ಮ್ಯಾಜಿಸ್ಟ್ರೇಟರ ಸಹಿಯೇ ಬೇಕಿತ್ತು. 2023ರ ಜನವರಿ 24ರಂದು ಕೋರ್ಟೇ ಅವನ್ನು ಸಡಿಲಿಸಿತು. ಈಗ ಹದಿನೆಂಟು ತುಂಬಿದ, ಸ್ವಸ್ಥ ಬುದ್ಧಿಯ ಯಾರೇ ಆಗಲಿ ತಮ್ಮ ಇಚ್ಛೆಯನ್ನು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿಯಿಂದ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದರೆ ಸಾಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ರಾಜ್ಯದ ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿತು. ತನ್ನ ಪರವಾಗಿ ನಿರ್ಧರಿಸಲು ಕನಿಷ್ಠ ಇಬ್ಬರನ್ನು ಹೆಸರಿಸಬೇಕೆಂದು ಅದು ಹೇಳುತ್ತದೆ. ದಯಾಮರಣ ಬಂತು ಎಂದು ಆಗ ಹಲವೆಡೆ ಸುದ್ದಿಯಾಯಿತು, ಅದು ತಪ್ಪು. ಸಾವು ತರುವ ಇಂಜೆಕ್ಷನ್ ಕೊಡುವುದು ಈ ದೇಶದಲ್ಲಿ ಇಂದಿಗೂ ಅಪರಾಧ. ಇಲ್ಲಿರುವುದು ಇಷ್ಟೇ: ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ, ಸಾವನ್ನು ಮುಂದೂಡುವುದಷ್ಟನ್ನೇ ಮಾಡುತ್ತಿರುವ ಯಂತ್ರಗಳನ್ನು ಹಾಕದಿರುವುದು ಅಥವಾ ತೆಗೆಯುವುದು. ಆಗಲೂ ಚಿಕಿತ್ಸೆ ಕೊಡುವ ವೈದ್ಯರು ಮತ್ತು ಇಬ್ಬರು ತಜ್ಞರ ಒಂದು ಮಂಡಳಿ ಒಪ್ಪಬೇಕು, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿಯೂ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನೋವು ಕಳೆಯುವ ಔಷಧ, ಬಾಯಿ ಒದ್ದೆ ಮಾಡುವುದು, ಹುಣ್ಣಾಗದಂತೆ ನೋಡಿಕೊಳ್ಳುವುದು ಯಾವುದೂ ನಿಲ್ಲುವುದಿಲ್ಲ.

ಮಕ್ಕಳಿಗೆ ನನ್ನ ಮನಸ್ಸು ಗೊತ್ತು, ಹೇಳುವ ಅಗತ್ಯವೇನು ಎಂದು ನಂಬಿರುವವರು ಬಹಳ. ಈ ನಂಬಿಕೆಯನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಇಂಥಿಂಥ ಸ್ಥಿತಿಯಲ್ಲಿ ನಿಮಗೆ ಯಾವ ಚಿಕಿತ್ಸೆ ಬೇಕು ಎಂದು ರೋಗಿಯನ್ನೂ, ಅವರಿಗೆ ಏನು ಬೇಕಿರಬಹುದು ಎಂದು ಮನೆಯವರನ್ನೂ ಬೇರೆಬೇರೆಯಾಗಿ ಕೇಳಿದ ಹಲವು ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮನೆಯವರ ಊಹೆ ಸರಿಯಾದದ್ದು ನೂರಕ್ಕೆ 68 ಬಾರಿ. ಸುಮಾರು ಮೂರರಲ್ಲಿ ಒಂದು ತಪ್ಪು, ಅದೂ ಜೀವ ಹೋಗುವ ಬರುವ ವಿಷಯದಲ್ಲಿ. ಇನ್ನು ಆ ನಿರ್ಧಾರ ಮಾಡಿದವರ ಗತಿ: ಅವರಲ್ಲಿ ಕನಿಷ್ಠ ಮೂರನೇ ಒಂದು ಪಾಲು ಜನ ತಪ್ಪಿತಸ್ಥ ಭಾವ, ಆತಂಕ, ಮಾಡಿದ್ದು ಸರಿಯೋ ಎಂಬ ಸಂಶಯವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೊತ್ತಿರುತ್ತಾರೆ ಎಂದು 2011ರ ಇನ್ನೊಂದು ಪರಿಶೀಲನೆ ಹೇಳಿತು. ಆಸ್ಟ್ರೇಲಿಯಾದ ಮೆಲ್ಬರ್ನಿನ ಆಸ್ಪತ್ರೆಯೊಂದರಲ್ಲಿ ಎಂಬತ್ತು ದಾಟಿದ 309 ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಜನರೊಟ್ಟಿಗೆ ತರಬೇತಾದ ಸಿಬ್ಬಂದಿ ಕೂತು, ಮನೆಯವರನ್ನೂ ಕರೆಸಿ, ಮುಂದಿನ ಆರೈಕೆಯ ಬಗ್ಗೆ ಮಾತಾಡಿದರು. ಮುಂದಿನ ಆರು ತಿಂಗಳಲ್ಲಿ ತೀರಿಕೊಂಡವರ ಪೈಕಿ, ಹೀಗೆ ಮಾತಾಡಿದ್ದ ಗುಂಪಿನಲ್ಲಿ ನೂರಕ್ಕೆ 86 ಜನರ ಇಚ್ಛೆ ತಿಳಿದಿತ್ತು, ನಡೆಯಿತು. ಮಾತಾಡದ ಗುಂಪಿನಲ್ಲಿ 30 ಮಾತ್ರ. ಮಾತಾಡಿದವರ ಮನೆಯವರಲ್ಲಿ ಖಿನ್ನತೆ, ಆತಂಕಗಳೂ ಕಡಿಮೆ ಇದ್ದವು. ಹಿರಿಯರು ತಮ್ಮ ಇಚ್ಛೆ ಹೇಳಿಡುವುದು ತಮಗಾಗಿ ಎಷ್ಟೋ, ಉಳಿಯುವವರಿಗಾಗಿಯೂ ಅಷ್ಟೇ.

ಇಚ್ಛೆ ಹೇಳಬೇಕಾದರೆ ಏನು ಆಗುತ್ತದೆ ಎಂಬುದೂ ತಿಳಿದಿರಬೇಕು. ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವುದನ್ನು ಸಿನಿಮಾದಲ್ಲಿ ನೋಡಿದವರಿಗೆ ಅದು ಸಾಮಾನ್ಯವಾಗಿ ಫಲಿಸುತ್ತದೆ ಎನಿಸುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿಯೇ ಅರವತ್ತೈದು ದಾಟಿದವರಿಗೆ ಹಾಗೆ ಮಾಡಿದಾಗ ಬದುಕಿ ಮನೆಗೆ ಹೊರಟವರು ನೂರರಲ್ಲಿ ಸುಮಾರು 18 ಮಂದಿ. ಮೈಯೆಲ್ಲ ಹಬ್ಬಿದ ಕ್ಯಾನ್ಸರಿನವರಲ್ಲಿ ಇನ್ನೂ ಕಡಿಮೆ. ಒತ್ತುವಾಗ ಮುದಿ ಎಲುಬುಗಳು ಮುರಿಯುವುದುಂಟು. ಹಾಗಿದ್ದರೂ ಗಟ್ಟಿಮುಟ್ಟಾದ ಎಪ್ಪತ್ತರ ಅಜ್ಜನಿಗೆ ಹೃದಯಾಘಾತವಾಗಿ ಎದೆಬಡಿತ ನಿಂತರೆ ಇದನ್ನೆಲ್ಲ ಮಾಡಲೇಬೇಕು. ನ್ಯುಮೋನಿಯಾ ಆದರೆ ನಾಲ್ಕು ದಿನದ ವೆಂಟಿಲೇಟರು ಜೀವ ಉಳಿಸಬಹುದು. ಆದ್ದರಿಂದ ಯಂತ್ರ ಬೇಕೇ ಬೇಡವೇ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉಪಯೋಗವಿಲ್ಲ. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ಮೂಗಿನ ಪೈಪಿನಿಂದ ಊಟ ಹಾಕಿ ವರ್ಷಗಟ್ಟಲೆ ಇಡಬೇಕೇ, ಡಯಾಲಿಸಿಸ್‌ಗಾಗಿ ವಾರಕ್ಕೆ ಮೂರು ಸಲ ಹೋಗಿ ಬರುವ ಶಕ್ತಿ ಮುಗಿದ ಮೇಲೂ ಎತ್ತಿಕೊಂಡು ಹೋಗಬೇಕೇ, ಕೊನೆಯ ದಿನಗಳು ಐಸಿಯುನಲ್ಲೋ ಮನೆಯಲ್ಲೋ, ಇಂಥ ನಿರ್ದಿಷ್ಟ ಪ್ರಶ್ನೆಗಳು ಬೇಕು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಮರೆವಿನ ಕಾಯಿಲೆ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಅವರ ಮಟ್ಟಿಗೆ ಮಾತಾಡುವ ಕಾಲ ಸಾವಿಗಿಂತ ಎಷ್ಟೋ ವರ್ಷ ಮೊದಲೇ ಮುಗಿದಿರುತ್ತದೆ.

ಹೆಸರಿಸುವುದು ಯಾರನ್ನು? ನಮ್ಮ ಸೀಮೆಯಲ್ಲಿ ಇದು ಸಲೀಸಾದ ಪ್ರಶ್ನೆಯಲ್ಲ. ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರಂಥ ಸಮುದಾಯಗಳಲ್ಲಿ ಅಳಿಯಸಂತಾನದ ನೆರಳು ಇನ್ನೂ ಇದೆ. ಆಸ್ತಿ ಈಗ ಬೇರೆ ಕಾನೂನಿನಲ್ಲಿ ಹಂಚಿಕೆಯಾದರೂ ಸೋದರಮಾವನ ಮಾತಿಗೆ, ಕುಟುಂಬದ ಹಿರಿಯರ ಮಾತಿಗೆ ಬೆಲೆಯಿದೆ. ಬ್ರಾಹ್ಮಣ, ಕ್ರೈಸ್ತ, ಮುಸ್ಲಿಂ ಮನೆಗಳಲ್ಲಿ ಹಿರಿಮಗನದು ಅಂತಿಮ ಮಾತು. ಎರಡು ಕಡೆಯೂ ಪಕ್ಕಕ್ಕೆ ಸರಿಯುವವಳು ಒಬ್ಬಳೇ: ಮಲಮೂತ್ರ ತೆಗೆದು, ಗಂಜಿ ಕುಡಿಸಿ, ರಾತ್ರಿ ಎದ್ದು ಕೂತ ಸೊಸೆ ಅಥವಾ ಮಗಳು. ಅತ್ತೆ ಯಾವುದಕ್ಕೆ ಹೆದರುತ್ತಾರೆ, ಯಾವುದಕ್ಕೆ ಮುಖ ತಿರುಗಿಸುತ್ತಾರೆ ಎಂಬುದು ಅವಳಿಗೆ ಗೊತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ. ಬರೆದಿಡಬಹುದಾದ ಹೆಸರುಗಳಲ್ಲಿ ಒಂದು ಜೊತೆಗಿರುವವರದಾಗಲಿ, ಇನ್ನೊಂದು ದೂರವಿದ್ದರೂ ಮನಸ್ಸು ಗಟ್ಟಿಯಿರುವವರದಾಗಲಿ ಎಂಬುದು ನನ್ನ ಸಲಹೆ. ಖರ್ಚು ಭರಿಸುವವರೇ ನಿರ್ಧರಿಸಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಹೆಸರಿಸಿದ ಸಂಗತಿ ಉಳಿದವರಿಗೂ ತಿಳಿದಿರಬೇಕು. ಗುಟ್ಟಾಗಿ ಕಪಾಟಿನಲ್ಲಿಟ್ಟ ಕಾಗದ ಸೊಸೆಯ ಕೈಗೆ ಬಂದರೆ ಅವಳ ಮೇಲೆ ಅಪವಾದ ಬರುತ್ತದೆಯೇ ವಿನಾ ಬಲ ಬರುವುದಿಲ್ಲ.

ಹಾಂಗೆಲ್ಲ ಹೇಳೂಕಾಗ ಎನ್ನುವುದು ಮೊದಲ ಆಕ್ಷೇಪ. ಬಾಯಲ್ಲಿ ಕೆಟ್ಟದ್ದು ಆಡಿದರೆ ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರೆ ಎಂಬ ಭಯ ಹಗುರವಾದದ್ದಲ್ಲ. ಅದರ ಹಿಂದೆ ತಾಯಿತಂದೆಯರ ಸಾವನ್ನು ಊಹಿಸಲೂ ಒಲ್ಲದ ಮನಸ್ಸಿದೆ. ಆದರೆ ಇದೇ ನಾಡಿನವರು ಮಂದಾರ್ತಿ, ಮಾರಣಕಟ್ಟೆ ಯಕ್ಷಗಾನ ಮೇಳಗಳ ಆಟದಲ್ಲಿ ಭೀಷ್ಮನನ್ನು ರಾತ್ರಿಯಿಡೀ ಕೂತು ನೋಡಿದವರು. ಶರಶಯ್ಯೆಯಲ್ಲಿ ಮಲಗಿದ ಭೀಷ್ಮನ ಬಳಿಗೆ ದುರ್ಯೋಧನ ಬಾಣ ಕೀಳುವ ನಿಪುಣ ವೈದ್ಯರನ್ನು ಕರೆತರುತ್ತಾನೆ; ಇವರಿಗೆ ಸಲ್ಲಬೇಕಾದ ಧನ ಕೊಟ್ಟು ಗೌರವದಿಂದ ಕಳಿಸು, ನನಗೆ ಇವರ ಅಗತ್ಯವಿಲ್ಲ ಎನ್ನುತ್ತಾನೆ ಭೀಷ್ಮ. ತಲೆಗೆ ಆಸರೆಯನ್ನೂ ಕುಡಿಯಲು ನೀರನ್ನೂ ಅವನು ಕೇಳುತ್ತಾನೆ, ಅದನ್ನು ಒದಗಿಸುವವನು ಅರ್ಜುನ. ಏನು ಬೇಡ, ಏನು ಬೇಕು, ಯಾರಿಂದ ಬೇಕು ಎಂಬ ಮೂರನ್ನೂ ಅವನು ಹೇಳಿದ. ಬ್ರಹ್ಮಾವರ ತಾಲೂಕಿನ ಬಾರಕೂರಿನಂಥ ಊರುಗಳಲ್ಲಿ ಬಸದಿ ಕಟ್ಟಿದ ಜೈನರ ಪರಂಪರೆಯಲ್ಲಿ, ಉಪವಾಸದಿಂದ ದೇಹ ಬಿಡುವ ಸಲ್ಲೇಖನಕ್ಕೆ ದೊಡ್ಡ ಸ್ಥಾನವಿತ್ತು. ಅದು ವ್ರತ, ಇಲ್ಲಿ ಹೇಳುತ್ತಿರುವುದು ಚಿಕಿತ್ಸೆಯ ವಿಷಯ, ಎರಡನ್ನೂ ಒಂದು ಮಾಡಬಾರದು. ಆದರೂ ಕೊನೆಯನ್ನು ಎಚ್ಚರದಿಂದ ಎದುರುಗೊಳ್ಳುವುದು ಈ ಮಣ್ಣಿಗೆ ಹೊಸದಲ್ಲ ಎಂಬುದಕ್ಕೆ ಅದು ಸಾಕ್ಷಿ. ಕ್ಯಾಥೊಲಿಕ್ ಮನೆಗಳಲ್ಲಿ ಇದು ದೇವರ ಇಚ್ಛೆಗೆ ವಿರುದ್ಧವೇ ಎಂಬ ಸಂಶಯ ಬರಬಹುದು. ಅಸಾಧಾರಣ ಉಪಾಯಗಳಿಂದ ಜೀವ ಹಿಡಿದಿಡಲೇಬೇಕೆಂಬ ಬಾಧ್ಯತೆ ಇಲ್ಲವೆಂದು ಹನ್ನೆರಡನೇ ಪಯಸ್ ಪೋಪರು 1957ರಲ್ಲಿಯೇ ವೈದ್ಯರಿಗೆ ಹೇಳಿದ್ದರು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೆದ್ದಾರಿ ಬದಿಯ ಜಾಗಕ್ಕೆ ಈಗ ಬಂದಿರುವ ಬೆಲೆಯಲ್ಲಿ, ಮುದುಕರಿಂದ ಇಂಥ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬೇಗ ಮುಗಿಸುವ ಮಕ್ಕಳು ಇರುವುದಿಲ್ಲವೇ? ಇರುತ್ತಾರೆ. ವೀಲುನಾಮೆಯ ಮೇಲೆ ಕೋರ್ಟು ಹತ್ತಿದ ಮನೆಗಳು ಊರಿಗೆ ನಾಲ್ಕು ಸಿಗುತ್ತವೆ. ತಾನು ಮಕ್ಕಳಿಗೆ ಹೊರೆಯಾದೆ ಎಂಬ ಕೊರಗಿನಲ್ಲಿಯೇ ಏನೂ ಬೇಡ ಎನ್ನುವ ತಾಯಂದಿರೂ ಇದ್ದಾರೆ. ಅವರ ಬೇಡ ಎಂಬ ಮಾತನ್ನು ಇಚ್ಛೆಯೆಂದು ಬರೆದುಕೊಳ್ಳುವುದು ಕ್ರೌರ್ಯ. ಇದಕ್ಕೆ ಎರಡು ಮಂಡಳಿಗಳ ಕಾವಲು ಒಂದು ಉತ್ತರ: ಗುಣವಾಗಬಲ್ಲ ರೋಗಿಯ ಚಿಕಿತ್ಸೆಯನ್ನು ಯಾವ ಕಾಗದವೂ ನಿಲ್ಲಿಸಲಾರದು. ಆಸ್ತಿ ಬರುವವರನ್ನು ಬಿಟ್ಟು ಬೇರೆಯವರನ್ನು ಸಾಕ್ಷಿಗಳಾಗಿ ಆರಿಸುವುದು, ನಿರ್ಧರಿಸುವವರಲ್ಲಿ ಒಬ್ಬರಾದರೂ ವಾರಸುದಾರರಲ್ಲದವರಿರುವುದು ಇನ್ನೊಂದು. ಬರೆದವರು ಯಾವಾಗ ಬೇಕಾದರೂ ಅದನ್ನು ಬರಹದಲ್ಲಿಯೇ ರದ್ದುಮಾಡಬಹುದು, ತಿದ್ದಬಹುದು. ಇನ್ನೂ ಒಂದು ಮಾತನ್ನು ಆಕ್ಷೇಪಿಸುವವರು ಯೋಚಿಸಬೇಕು. ಕಾಗದ ಇಲ್ಲದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಮಂಡಳಿಗಳು ನಿರ್ಧರಿಸಲು ಕಾನೂನಿನಲ್ಲಿ ಅವಕಾಶವಿದೆ. ದುರಾಸೆಯ ಮಗನಿಗೆ ತಾಯಿಯ ಮೌನ ಅನುಕೂಲ. ತನಗೆ ಎಲ್ಲ ಚಿಕಿತ್ಸೆಯೂ ಬೇಕು, ಕೊನೆಯವರೆಗೂ ಪ್ರಯತ್ನಿಸಿ ಎಂದು ಬರೆದಿಡುವುದಕ್ಕೂ ಅವಳಿಗೆ ಅಷ್ಟೇ ಹಕ್ಕಿದೆ, ಇದನ್ನು ಹೇಳುವವರು ಕಡಿಮೆ.

ಮೂರನೆಯ ಆಕ್ಷೇಪ ಅನುಭವಿಗಳದು. ವಿದೇಶಗಳಲ್ಲಿ ದಶಕಗಳ ಕಾಲ ಹೀಗೆ ಮೊದಲೇ ಬರೆದಿಡುವುದನ್ನು ಮಾಡಿ ನೋಡಿದವರಲ್ಲಿಯೇ ಕೆಲವರು, ಇದರಿಂದ ನಿರೀಕ್ಷಿಸಿದ ಫಲ ಸಿಗಲಿಲ್ಲ ಎಂದು ಬರೆದಿದ್ದಾರೆ. 2021ರಲ್ಲಿ ಅಮೆರಿಕದ, ನೋವು ಯಾತನೆ ತಗ್ಗಿಸುವ ಉಪಶಾಮಕ ಆರೈಕೆಯ ಹಿರಿಯ ವೈದ್ಯ ಶಾನ್ ಮಾರಿಸನ್ ಮತ್ತು ಸಂಗಡಿಗರು ಹೇಳಿದ್ದು ಇದನ್ನೇ: ಆರೋಗ್ಯವಾಗಿದ್ದಾಗ ಬರೆದ ಆಯ್ಕೆಗಳು ನಿಜವಾದ ಕಾಯಿಲೆಯ ಗೊಂದಲಕ್ಕೆ ಹೊಂದುವುದಿಲ್ಲ, ಜನರ ಮನಸ್ಸು ಬದಲಾಗುತ್ತದೆ, ಕಾಗದ ಬೇಕಾದಾಗ ಕೈಗೆ ಸಿಗುವುದಿಲ್ಲ. ಈ ಟೀಕೆಯಲ್ಲಿ ಹುರುಳಿದೆ. ನಲವತ್ತರಲ್ಲಿ ಗಾಲಿಕುರ್ಚಿಯ ಬದುಕೇ ಬೇಡ ಎಂದವರು ಎಂಬತ್ತರಲ್ಲಿ ಅದೇ ಕುರ್ಚಿಯಲ್ಲಿ ಮೊಮ್ಮಕ್ಕಳೊಟ್ಟಿಗೆ ಸಂತೋಷವಾಗಿರುತ್ತಾರೆ. ಆದರೆ ಆ ಟೀಕಾಕಾರರೂ ತನ್ನ ಪರವಾಗಿ ಮಾತಾಡುವವರನ್ನು ಗೊತ್ತುಮಾಡುವುದನ್ನು ಬಿಡಿ ಎನ್ನುವುದಿಲ್ಲ. ಚಿಕಿತ್ಸೆಗಳ ಉದ್ದ ಪಟ್ಟಿಗೆ ಗುರುತು ಹಾಕುವುದಕ್ಕಿಂತ ಹೆಸರು ಮುಖ್ಯ ಎಂದು ನಾನು ಮೊದಲಿಂದ ಹೇಳುತ್ತಿರುವುದು ಇದಕ್ಕೇ. ಊಹಿಸದ ಕಾಯಿಲೆ ಬಂದಾಗ ಪಟ್ಟಿಯಲ್ಲಿ ಉತ್ತರ ಇರದಿರಬಹುದು. ಜೀವನದಲ್ಲಿ ನಿಮಗೆ ಯಾವುದು ದೊಡ್ಡದೆಂದು ಬಲ್ಲ ಮನುಷ್ಯರು ಆಗ ಡಾಕ್ಟರೊಟ್ಟಿಗೆ ಯೋಚಿಸಬಲ್ಲರು.

ಇದೆಲ್ಲ ಸರಿಯಾದರೂ ಒಂದು ಕೊರತೆ ದೊಡ್ಡದಾಗಿ ಉಳಿಯುತ್ತದೆ. ಐಸಿಯು ಬೇಡ ಎಂದವರಿಗೆ ಬದಲಾಗಿ ಏನು ಸಿಗುತ್ತದೆ? ಇಂದು ಅನೇಕರಿಗೆ ಸಿಗುವುದು, ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಎಂಬ ಕಾಗದಕ್ಕೆ ಸಹಿ ಹಾಕಿ ಆಂಬುಲೆನ್ಸಿನಲ್ಲಿ ಮನೆಗೆ ಬರುವುದು. ಉಸಿರಿಗೆ ಒದ್ದಾಡುವಾಗ ಕೊಡಬೇಕಾದ ಮಾರ್ಫಿನ್ ಇಲ್ಲ, ಬಂದು ನೋಡುವ ನರ್ಸ್ ಇಲ್ಲ, ಕರೆದರೆ ಉತ್ತರಿಸುವ ಡಾಕ್ಟರಿಲ್ಲ. ಯಾತನೆಯನ್ನು ಕಂಡು ಕಂಗೆಟ್ಟ ಮನೆಯವರು ಎರಡೇ ದಿನದಲ್ಲಿ ಮತ್ತೆ ಆಂಬುಲೆನ್ಸ್ ಕರೆಯುತ್ತಾರೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದಕ್ಕೇ ಅಂಜುತ್ತಿದ್ದವು. 2014ರ ತಿದ್ದುಪಡಿ ಅದನ್ನು ಸರಳಗೊಳಿಸಿದೆ, ಆದರೆ ಹಳೆಯ ಅಂಜಿಕೆ ಪೂರ್ತಿ ಹೋಗಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಗೆ ಪ್ರತ್ಯೇಕ ವಿಭಾಗವೇ ಇದೆ, ಇದು ಈ ಸೀಮೆಯ ಭಾಗ್ಯ. ಆದರೆ ಅಮಾಸೆಬೈಲಿನಿಂದಲೋ ಕೊಲ್ಲೂರಿನಿಂದಲೋ ಹಾಸಿಗೆ ಹಿಡಿದವರನ್ನು ಅಲ್ಲಿಗೆ ಕರೆದೊಯ್ಯುವುದೇ ಒಂದು ಶಿಕ್ಷೆ. ಆರೈಕೆ ಮನೆ ಬಾಗಿಲಿಗೆ ಬರಬೇಕು. ನಮ್ಮ ನೆರೆಯ ಕೇರಳ ಇದನ್ನು ಮಾಡಿ ತೋರಿಸಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಶುರುಮಾಡಿದ ಸಣ್ಣ ಕೇಂದ್ರದಿಂದ ಬೆಳೆದು, 2008ರಲ್ಲಿ ಅದು ಸರ್ಕಾರದ ನೀತಿಯಾಯಿತು. ಅಲ್ಲಿ ಗ್ರಾಮ ಪಂಚಾಯತುಗಳೇ ಹಣ ಇಟ್ಟು, ತರಬೇತಾದ ನರ್ಸ್ ವಾಹನದಲ್ಲಿ ಮನೆಮನೆಗೆ ಹೋಗುವ ವ್ಯವಸ್ಥೆ ಮಾಡಿವೆ, ಊರಿನ ಸ್ವಯಂಸೇವಕರು ಜೊತೆಗಿರುತ್ತಾರೆ. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ, ಶಾಲೆಯ ಕಟ್ಟಡಕ್ಕೆ ಮುಂಬಯಿ ಬೆಂಗಳೂರುಗಳಿಂದ ಹಣ ತರಿಸಬಲ್ಲ ನಮ್ಮ ಊರುಗಳಿಗೆ, ಹೋಬಳಿಗೊಬ್ಬ ನರ್ಸ್ ಮತ್ತು ಒಂದು ವಾಹನ ಭಾರವಾಗಲಾರದು. ಊರಿಗೆ ಏನಾದರೂ ಮಾಡಬೇಕೆನ್ನುವ ದೂರದ ಮಕ್ಕಳಿಗೆ ಇದಕ್ಕಿಂತ ತುರ್ತಾದ ಕೆಲಸ ನನಗೆ ತೋರುತ್ತಿಲ್ಲ. ಬೇಗ ಸಿಗುವ ಉಪಶಾಮಕ ಆರೈಕೆ ಆಯುಷ್ಯ ಕಡಿಮೆ ಮಾಡುತ್ತದೆಂಬ ಭಯಕ್ಕೂ ಆಧಾರವಿಲ್ಲ. 2010ರ ಅಮೆರಿಕದ ಅಧ್ಯಯನವೊಂದರಲ್ಲಿ ಹಬ್ಬಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಪೈಕಿ, ಮೊದಲಿನಿಂದಲೇ ಈ ಆರೈಕೆ ಸಿಕ್ಕವರು ಕೊನೆಯಲ್ಲಿ ತೀವ್ರ ಚಿಕಿತ್ಸೆಯನ್ನು ಕಡಿಮೆ ಪಡೆದರೂ ಹೆಚ್ಚು ಕಾಲ ಬದುಕಿದರು: ಮಧ್ಯಾಂಕದ ಲೆಕ್ಕದಲ್ಲಿ 11.6 ತಿಂಗಳು, ಉಳಿದವರು 8.9.

ಪಂಚಾಯತುಗಳಿಗೆ ಇನ್ನೊಂದು ಕೆಲಸವನ್ನು ಸುಪ್ರೀಂ ಕೋರ್ಟೇ ಕೊಟ್ಟಿದೆ. ಹೀಗೆ ಬರೆದಿಟ್ಟ ಕಾಗದದ ಒಂದು ಪ್ರತಿಯನ್ನು ಪಂಚಾಯತ್, ಪುರಸಭೆಗಳ ಅಧಿಕಾರಿಯೊಬ್ಬರು ಪಡೆದು ಕಾದಿಡಬೇಕು, ಅದಕ್ಕೆ ಯಾರೆಂದು ಗೊತ್ತುಮಾಡಬೇಕು. ಇದು ಯಾರ ಮೇಜಿನ ಕೆಲಸ ಎಂದು ಜನ ತಮ್ಮ ಗ್ರಾಮಸಭೆಯಲ್ಲಿ ಕೇಳಬಹುದು, ಕೇಳಬೇಕು. ಇನ್ನೊಂದು ಪ್ರತಿ ಕುಟುಂಬದ ವೈದ್ಯರಲ್ಲಿರಲಿ, ಒಂದು ಹೆಸರಿಸಿದವರಲ್ಲಿ. ಫೋನಿನಲ್ಲಿ ಫೋಟೋ ತೆಗೆದು ಮಕ್ಕಳೆಲ್ಲರಿಗೂ ಕಳಿಸಿದರೆ ನಡುರಾತ್ರಿ ಹುಡುಕುವುದು ತಪ್ಪುತ್ತದೆ. ಮಾತು ಶುರುಮಾಡುವುದಕ್ಕೆ ಕಾಯಿಲೆಯ ದಿನ ಬೇಡ. ಚೌತಿಗೋ ದೀಪಾವಳಿಗೋ ಕೋಟೇಶ್ವರದ ಕೊಡಿ ಹಬ್ಬಕ್ಕೋ ಎಲ್ಲರೂ ಊರಿಗೆ ಬಂದಾಗ ಊಟದ ನಂತರದ ಒಂದು ಗಂಟೆ ಸಾಕು. ಮಕ್ಕಳು ಕೇಳಲಾರರು, ಅವರಿಗೆ ಬಾಯಿ ಬರುವುದಿಲ್ಲ. ಹಿರಿಯರೇ ಮೊದಲು ಎತ್ತಿದರೆ ಎಲ್ಲರಿಗೂ ಸಲೀಸು. ನನಗೆ ನೆನಪು ಹೋಗಿ ನಿಮ್ಮ ಗುರುತೇ ಸಿಗದಂತಾದರೆ ಏನು ಮಾಡುತ್ತೀರಿ, ಏಳಲಾಗದಂತಾದರೆ ಯಾರ ಮನೆಯಲ್ಲಿ ಇಟ್ಟುಕೊಳ್ಳುತ್ತೀರಿ, ಡಾಕ್ಟರು ಆಸೆಯಿಲ್ಲ ಎಂದ ಮೇಲೆ ಮಣಿಪಾಲದಲ್ಲೇ ಇಡುತ್ತೀರೋ ಮನೆಗೆ ತರುತ್ತೀರೋ ಎಂದು ಅವರು ಕೇಳಲಿ, ತಮ್ಮ ಉತ್ತರವನ್ನೂ ಹೇಳಲಿ. ಮುಂದಿನ ವರ್ಷದ ಹಬ್ಬದಲ್ಲಿ ಆ ಉತ್ತರ ಬದಲಾಗಿದ್ದರೆ ಹಳೆಯದನ್ನು ರದ್ದುಮಾಡಿ ಹೊಸದಾಗಿ ಬರೆಯಲಿ, ಹಳೆಯ ಪ್ರತಿಗಳನ್ನು ಎಲ್ಲರಿಂದಲೂ ವಾಪಸು ತೆಗೆದುಕೊಳ್ಳಲಿ.